ಒಣಮೀನಿನ ಮೇಲಿನ ಕೆಂಪು ಯಾರದು?

ಕಕ್ಕಡದ ಮಳೆ ಹಿಡಿದರೆ ನಮ್ಮ ಅಡುಗೆಮನೆಯಲ್ಲಿ ಎರಡು ವಸ್ತು ಮಾತು ಕೇಳುವುದಿಲ್ಲ. ಒಂದು ಬೆಂಕಿಪೊಟ್ಟಣ, ಇನ್ನೊಂದು ಉಪ್ಪಿನ ಭರಣಿ. ಕಡ್ಡಿ ಎಷ್ಟು ಗೀರಿದರೂ ಹತ್ತುವುದಿಲ್ಲ. ಉಪ್ಪು ತನ್ನಷ್ಟಕ್ಕೆ ನೀರಾಗಿ ಭರಣಿಯ ತಳದಲ್ಲಿ ಕೂತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಸಾಕು, ಅಡುಗೆ ಉಪ್ಪು ಗಾಳಿಯಿಂದಲೇ ನೀರು ಕುಡಿದು ಕರಗುತ್ತದೆ. ಕೊಡಗಿನ ಸುಂಟಿಕೊಪ್ಪದ ಈ ಕಡೆ ಜುಲೈಯಲ್ಲಿ ತೇವ ಅದಕ್ಕಿಂತ ಕೆಳಗಿಳಿಯುವ ದಿನ ಸಿಗುವುದು ಕಷ್ಟ.

ಹೋದ ಮಳೆಗಾಲದಲ್ಲಿ ದೊಡ್ಡಮ್ಮ ಒಲೆ ಮೇಲಿನ ಅಟ್ಟದಿಂದ ಒಣ ಬಂಗುಡೆಯ ಬುಟ್ಟಿ ಇಳಿಸಿದರು. ಏಪ್ರಿಲ್‌ನಲ್ಲಿ ಸಂತೆಯಿಂದ ತಂದಿಟ್ಟದ್ದು. ಕಾಗದ ಬಿಚ್ಚಿದರೆ ಮೀನಿನ ಹೊಟ್ಟೆಯ ಭಾಗದಲ್ಲಿ, ಉಪ್ಪು ಪದರವಾಗಿ ಕೂತ ಜಾಗದಲ್ಲೇ, ಗುಲಾಬಿ ಬಣ್ಣ ಹರಡಿಕೊಂಡಿದೆ. ಮುಟ್ಟಿದರೆ ಬೆರಳಿಗೆ ಸ್ವಲ್ಪ ಲೋಳೆ. "ಮಾರಿದವನು ಬಣ್ಣ ಹಾಕಿದ್ದಾನೆ" ಅಂತ ದೊಡ್ಡಮ್ಮ ಅಲ್ಲೇ ತೀರ್ಪು ಕೊಟ್ಟರು.

ಪಾಪ, ಅವನು ಬಣ್ಣ ಹಾಕಿರಲಿಲ್ಲ. ಆ ಗುಲಾಬಿ ಬಣ್ಣಕ್ಕೆ ಜೀವ ಇತ್ತು. ಉಪ್ಪು ಹಾಕಿದ ಮೀನು ಕೆಂಪಾಗುವುದು ಲೋಕಕ್ಕೆಲ್ಲ ಗೊತ್ತಿರುವ ಹಳೇ ತಲೆನೋವು. ಅಮೆರಿಕದ ಮೀನುಗಾರರು ಉಪ್ಪು ಹಾಕಿದ ಕಾಡ್ ಮೀನಿನ ಮೇಲೆ ಇದನ್ನೇ ಕಂಡು 19ನೇ ಶತಮಾನದಲ್ಲೇ ವಿಜ್ಞಾನಿಗಳ ಹತ್ತಿರ ಹೋಗಿದ್ದರು. ಈ ಕೆಂಪಿಗೆ ಮುಖ್ಯ ಕಾರಣ ಹ್ಯಾಲೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಮತ್ತು ಅದರ ನೆಂಟರು. ಹೆಸರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಇವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲ. ಆ ಕುಲ ಬೇರೆ ಎಂದು 1977ರಲ್ಲಷ್ಟೇ ತಿಳಿಯಿತು. ಹೆಸರು ಅಷ್ಟೊತ್ತಿಗೆ ಅಂಟಿಕೊಂಡಾಗಿತ್ತು.

ಇದೇ ಗುಂಪಿನ ಜೀವಿಗಳು 2020ರ ಜೂನ್‌ನಲ್ಲಿ ಎಲ್ಲರ ಫೋನಿಗೂ ಬಂದಿದ್ದವು. ಮಹಾರಾಷ್ಟ್ರದ ಲೋಣಾರ್ ಸರೋವರ ರಾತ್ರಿ ಬೆಳಗಾಗುವುದರೊಳಗೆ ಗುಲಾಬಿಯಾಯಿತು ಎಂಬ ಫೋಟೊ ನೆನಪಿದೆಯಲ್ವಾ? ಲಾಕ್‌ಡೌನ್ ಕಾಲ, ಎಲ್ಲರ ಕೈಯಲ್ಲೂ ಬೇಕಾದಷ್ಟು ಸಮಯ. ಕೆಲವರು ಅಪಶಕುನ ಎಂದರು, ಕೆಲವರು ವಿಷ ಎಂದರು. ಪುಣೆಯ ಅಘರ್‌ಕರ್ ಸಂಶೋಧನಾ ಸಂಸ್ಥೆಯವರು ನೀರು ತಂದು ನೋಡಿ, ಇದು ಉಪ್ಪುಪ್ರಿಯ ಆರ್ಕಿಯಾಗಳ ಕೆಲಸ ಎಂದರು. ನೀರನ್ನು ಸುಮ್ನೆ ಇಟ್ಟಾಗ ಜೀವಿಗಳು ತಳಕ್ಕಿಳಿದು ಮೇಲಿನ ನೀರು ತಿಳಿಯಾಯಿತು. ಬಣ್ಣ ನೀರಿನದಲ್ಲ, ಅದರಲ್ಲಿ ತೇಲುತ್ತಿದ್ದವರದು.

ಸುದ್ದಿ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಮೀನಿನ ಮೇಲೆ ಕೂತವು ಮೀನು ತಿನ್ನುತ್ತವೆ, ಸರಿ. ಕೆರೆಯಲ್ಲಿ ತೇಲುವವು ಏನು ತಿನ್ನುತ್ತವೆ?

ಉಪ್ಪುನೀರು ಎಂದರೆ ಬರಡು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಒಂದು ಸಮುದ್ರಕ್ಕೆ 'ಮೃತ' ಎಂದೇ ಹೆಸರಿಟ್ಟಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ಸಮುದ್ರದ ನೀರಲ್ಲಿ ಉಪ್ಪು ಸುಮಾರು ಶೇಕಡಾ 3.5. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಮಾಡುವ ಹಾಗೆ ಅದನ್ನು ಗದ್ದೆಯಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಟ್ಟರೆ ನೀರು ಆರುತ್ತಾ ಹೋಗುತ್ತದೆ. ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಂ. ನೀರು ಹತ್ತು ಪಟ್ಟು ಗಟ್ಟಿಯಾದ ಮೇಲೆ ಅಡುಗೆ ಉಪ್ಪಿನ ಹರಳು ಕಟ್ಟುತ್ತದೆ. ಹೀಗೆ ಆರಿ ಹೋಗುವುದು ನೀರು ಮಾತ್ರ. ಸಾರನ್ನು ಒಲೆ ಮೇಲೆ ಮರೆತ ಹಾಗೆ, ಅದರಲ್ಲಿದ್ದದ್ದೆಲ್ಲ ಗಟ್ಟಿಯಾಗಿ ಉಳಿಯುತ್ತದೆ. ಸತ್ತ ಜೀವಿಗಳ ಚೂರು, ಸಕ್ಕರೆ, ಅಮೈನೋ ಆಮ್ಲ, ಎಲ್ಲವೂ. ಅದಕ್ಕೇ ಉಪ್ಪು ಕಟ್ಟುವ ಗದ್ದೆಯ ಒಂದು ಮಿಲಿಲೀಟರ್ ನೀರಲ್ಲಿ ಕೋಟಿಗಟ್ಟಲೆ ಜೀವಕೋಶ ಇರುತ್ತವೆ. ಸಾಮಾನ್ಯ ಸಮುದ್ರದ ನೀರಲ್ಲಿ ಇರುವುದಕ್ಕಿಂತ ಇದು ಎಷ್ಟೋ ಜಾಸ್ತಿ.

ಹಾಗಾಗಿ ಅಲ್ಲಿ ಊಟಕ್ಕೆ ಬರ ಎಂದರೆ ನಾನು ಒಪ್ಪುವುದಿಲ್ಲ. ಬರ ಇರುವುದು ಊಟ ಮಾಡುವವನ ಜೇಬಿಗೆ. ಉಪ್ಪಿನಲ್ಲಿ ಸುಮ್ನೆ ಬದುಕಿರುವುದಕ್ಕೇ ಖರ್ಚಿದೆ. ಆ ಖರ್ಚು ಕಳೆದು ಉಳಿದದ್ದರಲ್ಲಿ ಯಾರು ಏನು ತಿಂದು ಅರಗಿಸಿಕೊಳ್ಳಬಲ್ಲರು ಎಂಬುದೇ ಈ ಕೆರೆಗಳ ಕತೆ.

ಖರ್ಚು ಯಾಕೆ? ಮಾವಿನಕಾಯಿಗೆ ಉಪ್ಪು ಬೆರೆಸಿ ಇಟ್ಟರೆ ಮರುದಿನ ಭರಣಿಯಲ್ಲಿ ನೀರು ನಿಂತಿರುತ್ತದೆ. ಅದು ಕಾಯಿಯೊಳಗಿನ ನೀರು, ಉಪ್ಪು ಎಳೆದು ತೆಗೆದದ್ದು. ಸೂಕ್ಷ್ಮಜೀವಿಗೂ ಅದೇ ಗತಿ. ತಡೆಯಬೇಕಾದರೆ ಒಳಗೂ ಏನಾದರೂ ಅಷ್ಟೇ ಗಟ್ಟಿಯಾಗಿ ತುಂಬಿಕೊಳ್ಳಬೇಕು. ಅದಕ್ಕೆ ಎರಡು ದಾರಿ.

ಒಂದು ದಾರಿ ಡ್ಯುನಾಲಿಯೆಲ್ಲಾ ಎಂಬ ಪಾಚಿಯದು. ಅದು ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಡಿಸೆಂಬರ್ ಚಳಿಗೆ ತುಟಿ ಒಡೆದಾಗ ಮೆಡಿಕಲ್ ಶಾಪಿನಲ್ಲಿ ಗ್ಲಿಸರಿನ್ ಅಂತ ಕೇಳುತ್ತೇವಲ್ಲ, ಅದೇ. ಯಾರಿಗೂ ತೊಂದರೆ ಕೊಡದ ಸಾಧು ವಸ್ತು. ಆದರೆ ಒಂದೊಂದು ಅಣುವನ್ನೂ ಬಿಸಿಲಿನ ಬಲದಿಂದ ತಾನೇ ಕಟ್ಟಬೇಕು. ಜೀವಕೋಶದ ಶಕ್ತಿಯ ನಾಣ್ಯ ಎಟಿಪಿ. ಒಂದು ಗ್ಲಿಸರಾಲ್ ಅಣುವಿಗೆ ಹತ್ತಾರು ಎಟಿಪಿ ಹೋಗುತ್ತದೆ.

ಇನ್ನೊಂದು ದಾರಿ ನಮ್ಮ ಬಂಗುಡೆಯ ಮೇಲಿನ ಕೆಂಪಿನವರದು. ಹೊರಗಿನ ಉಪ್ಪಿಗೆ ಒಳಗೂ ಉಪ್ಪು. ಆದರೆ ಅದೇ ಉಪ್ಪಲ್ಲ. ಹೊರಗೆ ಸೋಡಿಯಂ, ಒಳಗೆ ಪೊಟ್ಯಾಸಿಯಂ. ಇದಕ್ಕೆ ಒಂದು ಅಣುವಿಗೆ ಒಂದು ಎಟಿಪಿಯೂ ಬೇಡ, ಅಗ್ಗ. ಬದಲಿಗೆ ಬೇರೆ ಕಡೆ ತಲೆ ಕೊಡಬೇಕು. ಒಳಗೆ ಅಷ್ಟು ಪೊಟ್ಯಾಸಿಯಂ ಇದ್ದರೆ ಸಾಮಾನ್ಯ ಪ್ರೋಟೀನುಗಳು ಮುದ್ದೆಯಾಗಿ ಕೆಲಸ ನಿಲ್ಲಿಸುತ್ತವೆ. ಅದಕ್ಕೆ ಇವುಗಳ ಪ್ರೋಟೀನ್ ಪೂರ್ತಿ ಬೇರೆ ಥರ, ಮೈಯೆಲ್ಲ ಆಮ್ಲೀಯ, ಋಣ ವಿದ್ಯುತ್ ತುಂಬಿಕೊಂಡು ನೀರನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪು ಇದ್ದರೆ ಮಾತ್ರ ಅವು ಸರಿಯಾಗಿ ನಿಲ್ಲುತ್ತವೆ. ಅಗ್ಗದ ಬಾಡಿಗೆ ಸಿಕ್ಕಿತು, ಆದರೆ ಆ ಮನೆ ಬಿಟ್ಟು ಹೊರಗೆ ಬರುವ ಹಾಗಿಲ್ಲ.

ಈಗ ಊಟ. ಬಂಗುಡೆಯ ಮೇಲೆ ಕೂತವನಿಗೆ ಅದು ಮದುವೆ ಊಟ. ಅವನು ಪ್ರೋಟೀನ್ ಕರಗಿಸುವ ಕಿಣ್ವಗಳನ್ನು ಹೊರಗೆ ಬಿಡುತ್ತಾನೆ. ಅವು ಉಪ್ಪಿನಲ್ಲೇ ಕೆಲಸ ಮಾಡುತ್ತವೆ. ಹೆಚ್ಚಿನ ಜೀವಿಗಳು ಪ್ರೋಟೀನನ್ನು ನೂಲಿನ ಹಾಗೆ ಬಿಚ್ಚಿದ ಸ್ಥಿತಿಯಲ್ಲಿ ಹೊರಗೆ ತಳ್ಳಿ ಆಮೇಲೆ ಮಡಚಲು ಬಿಡುತ್ತವೆ. ಇಷ್ಟು ಉಪ್ಪಲ್ಲಿ ಹಾಗೆ ಮಾಡಿದರೆ ನೂಲು ಸಿಕ್ಕಾಗುತ್ತದೆ. ಅದಕ್ಕೆ ಇವು ಬಹಳಷ್ಟು ಪ್ರೋಟೀನುಗಳನ್ನು ಒಳಗೇ ಮಡಚಿ, ಸಿದ್ಧಮಾಡಿ, ಇಡಿಯಾಗಿ ಹೊರಗೆ ಕಳಿಸುತ್ತವೆ. ಕರಗಿದ ಮೀನಿನಿಂದ ಅಮೈನೋ ಆಮ್ಲ ಸಿಗುತ್ತದೆ, ನಮಗೆ ಲೋಳೆ ಮತ್ತು ವಾಸನೆ ಸಿಗುತ್ತದೆ. ಇವು ಮನುಷ್ಯರಿಗೆ ಕಾಯಿಲೆ ತರುವ ಜೀವಿಗಳು ಅಂತ ಹೆಸರು ಪಡೆದಿಲ್ಲ. ಆದರೂ ಕೆಂಪಾದ ಮೀನು ಕೆಡುತ್ತಿರುವ ಮೀನು, ಎಸೆಯುವುದೇ ಸರಿ.

ಊಟವನ್ನು ಒಳಗೆ ತರುವ ಉಪಾಯ ನನಗೆ ತುಂಬಾ ಇಷ್ಟ. ಹಾರಂಗಿ ಡ್ಯಾಮಿನ ನೀರನ್ನು ನೆನೆಸಿಕೊಳ್ಳಿ. ಒಂದು ಕಡೆ ತುಂಬಿ ನಿಂತಿದೆ, ಇನ್ನೊಂದು ಕಡೆ ಕಡಿಮೆ. ತೂಬು ತೆಗೆದರೆ ನೀರು ನುಗ್ಗುತ್ತದೆ, ನುಗ್ಗುವ ರಭಸಕ್ಕೆ ಚಕ್ರ ತಿರುಗಿಸಬಹುದು. ಈ ಜೀವಿಗಳ ಹೊರಗೆ ಸೋಡಿಯಂ ಡ್ಯಾಮಿನ ಹಾಗೆ ನಿಂತಿದೆ, ಒಳಗೆ ಅದನ್ನು ಕಡಿಮೆ ಇಟ್ಟುಕೊಂಡಿವೆ. ಪೊರೆಯಲ್ಲಿ ಸಣ್ಣ ಬಾಗಿಲು. ಸೋಡಿಯಂ ಒಳಗೆ ನುಗ್ಗುವಾಗ ಕೈಹಿಡಿದು ಒಂದು ಅಮೈನೋ ಆಮ್ಲವನ್ನೂ ಎಳೆದುಕೊಂಡು ಬರುತ್ತದೆ. ಕೊಲ್ಲಬೇಕಾದ ಉಪ್ಪೇ ಊಟ ಹೊತ್ತು ತರುತ್ತದೆ. ಒಳಗೆ ಬಂದ ಸೋಡಿಯಂ ಅನ್ನು ಮತ್ತೆ ಹೊರಗೆ ಹಾಕಬೇಕು, ಅದಕ್ಕೆ ಶಕ್ತಿ ಬೇಕು.

ಆ ಶಕ್ತಿಗೆ ಉಸಿರಾಟ ಒಂದು ಮೂಲ. ಆದರೆ ಗಟ್ಟಿ ಉಪ್ಪುನೀರಲ್ಲಿ ಆಮ್ಲಜನಕ ಸರಿಯಾಗಿ ಕರಗುವುದಿಲ್ಲ. ಉಸಿರುಕಟ್ಟಿದಾಗ ಹ್ಯಾಲೋಬ್ಯಾಕ್ಟೀರಿಯಂ ತನ್ನ ಪೊರೆಯಲ್ಲಿ ನೇರಳೆ ಬಣ್ಣದ ತೇಪೆ ಹಾಕಿಕೊಳ್ಳುತ್ತದೆ. ಅದರಲ್ಲಿರುವುದು ಬ್ಯಾಕ್ಟೀರಿಯೋರೊಡಾಪ್ಸಿನ್. 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಇದನ್ನು ಲೋಕಕ್ಕೆ ತಿಳಿಸಿದರು. ನಮ್ಮ ಕಣ್ಣಿನ ಪರದೆಯಲ್ಲಿ ಬೆಳಕು ಹಿಡಿಯುವ ರೆಟಿನಾಲ್ ಇಲ್ಲೂ ಇದೆ. ಬೆಳಕು ಬಿದ್ದಾಗ ಒಂದೊಂದೇ ಪ್ರೋಟಾನ್ ಹೊರಗೆ ಪಂಪ್ ಆಗುತ್ತದೆ, ಅದರ ಒತ್ತಡದಿಂದ ಎಟಿಪಿ ತಯಾರು.

ಇದನ್ನು ಓದಿ ಹಲವರು ಇದೂ ಗಿಡದ ಹಾಗೆ ಬಿಸಿಲು ತಿಂದು ಬದುಕುತ್ತದೆ ಎಂದುಕೊಳ್ಳುತ್ತಾರೆ. ಅಲ್ಲ. ಗಿಡ ಬಿಸಿಲಿನಿಂದ ಗಾಳಿಯ ಇಂಗಾಲವನ್ನು ಹಿಡಿದು ಅನ್ನ ಮಾಡುತ್ತದೆ. ಇದಕ್ಕೆ ಅದು ಬರುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದಾಗ ನಮ್ಮ ಮನೆಯ ಸೋಲಾರ್ ದೀಪ ಉರಿಯುತ್ತದೆ. ದೀಪ ಉರಿದ ಮಾತ್ರಕ್ಕೆ ಡಬ್ಬಿಯಲ್ಲಿ ಅಕ್ಕಿ ಬರುವುದಿಲ್ಲವಲ್ಲ. ಇದರ ಕತೆಯೂ ಅಷ್ಟೇ. ಶಕ್ತಿ ಇದೆ, ಅಕ್ಕಿಗೆ ಬೇರೆಯವರ ಮನೆ ಬಾಗಿಲು ತಟ್ಟಬೇಕು.

ಆ ಬೇರೆಯವರ ಮನೆ ಡ್ಯುನಾಲಿಯೆಲ್ಲಾದು. ಉಪ್ಪು ತೀರಾ ಗಟ್ಟಿಯಾದ ನೀರಲ್ಲಿ ಗಾಳಿಯಿಂದ ಅನ್ನ ಮಾಡುವುದು ಹೆಚ್ಚುಕಡಿಮೆ ಇದೊಂದೇ. ಒಳಗೆ ತುಂಬಿಟ್ಟ ಗ್ಲಿಸರಾಲ್ ಸ್ವಲ್ಪ ಸೋರುತ್ತದೆ. ಪಾಚಿ ಸತ್ತರೆ ಎಲ್ಲವೂ ನೀರಿಗೆ. ಉಪ್ಪಿನಿಂದ ತಪ್ಪಿಸಿಕೊಳ್ಳಲು ಅದು ಕಷ್ಟಪಟ್ಟು ಕಟ್ಟಿದ ಗೋಡೆ ಉಳಿದವರಿಗೆ ಊಟ.

ಈ ಊಟದಲ್ಲೂ ಪಂಕ್ತಿ ಇದೆ. ಮೊದಲ ಪಂಕ್ತಿಯಲ್ಲಿ ಸ್ಯಾಲಿನಿಬ್ಯಾಕ್ಟರ್ ಎಂಬ ಕೆಂಪು ಬ್ಯಾಕ್ಟೀರಿಯಾ ಇದೆ. 2002ರಲ್ಲಿ ಹೆಸರು ಪಡೆದದ್ದು. ಬ್ಯಾಕ್ಟೀರಿಯಾ ಆಗಿದ್ದೂ ಆರ್ಕಿಯಾಗಳ ಹಾಗೆ ಒಳಗೆ ಪೊಟ್ಯಾಸಿಯಂ ತುಂಬಿಕೊಂಡು ಬದುಕುತ್ತದೆ. ಅದು ಗ್ಲಿಸರಾಲ್ ತಿನ್ನುವಾಗ ಒಂದಷ್ಟನ್ನು ಪೂರ್ತಿ ಅರಗಿಸದೆ ಡೈಹೈಡ್ರಾಕ್ಸಿಅಸಿಟೋನ್ ಎಂಬ ವಸ್ತುವಾಗಿ ಹೊರಗೆ ಬಿಡುತ್ತದೆ. ಎಂಜಲು ಅನ್ನಿ. ಆ ಎಂಜಲಿಗೂ ಕಾದು ಕೂತವರಿದ್ದಾರೆ.

ಆ ಕಾದು ಕೂತವನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1980ರಲ್ಲಿ ಆಂಥನಿ ವಾಲ್ಸ್‌ಬಿ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಸಿನಾಯ್ ಮರುಭೂಮಿಯ ಉಪ್ಪುಗುಂಡಿಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಕಂಡದ್ದು ಚೌಕ. ಗುಂಡಗೂ ಇಲ್ಲ, ಕಡ್ಡಿಯ ಹಾಗೂ ಇಲ್ಲ. ನಾಲ್ಕು ಮೂಲೆ ಇರುವ, ಅಂಚೆಚೀಟಿಯ ಹಾಗೆ ಚಪ್ಪಟೆ ಜೀವಿ. ಅಗಲ 2ರಿಂದ 5 ಮೈಕ್ರಾನ್, ದಪ್ಪ ಅದರ ಹತ್ತರಲ್ಲೊಂದು ಪಾಲೂ ಇರಲಿಕ್ಕಿಲ್ಲ. ಎರಡಾಗಿ ಒಡೆದಾಗ ಹರಿಯದ ಅಂಚೆಚೀಟಿ ಹಾಳೆಯ ಥರ ಅಂಟಿಕೊಂಡೇ ಇರುತ್ತದೆ. ಈಗ ಹೆಸರು ಹ್ಯಾಲೋಕ್ವಾಡ್ರಾಟಂ ವಾಲ್ಸ್‌ಬಿಯೈ. ಲೋಕದ ಎಷ್ಟೋ ಉಪ್ಪಿನ ಗದ್ದೆಗಳಲ್ಲಿ ಇದರದೇ ಬಹುಮತ. ಆದರೂ ಪ್ರಯೋಗಾಲಯದಲ್ಲಿ ಬೆಳೆಸಲು 24 ವರ್ಷ ಬೇಕಾಯಿತು. 2004ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಗೆದ್ದವು. ಅವಸರವೇ ಇಲ್ಲದ ಪ್ರಾಣಿ, ಎರಡಾಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ.

ಚಪ್ಪಟೆ ಯಾಕೆ? ಹಪ್ಪಳ ಬೇಗ ಒಣಗುತ್ತದೆ, ಉಂಡೆ ಒಣಗುವುದಿಲ್ಲ. ಅದೇ ತರ್ಕ. ಮೈ ತೆಳ್ಳಗಿದ್ದಷ್ಟೂ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ. ಹೊರಮೈ ಜಾಸ್ತಿ ಇದ್ದಷ್ಟೂ ಊಟ ಹಿಡಿಯುವ ಬಾಗಿಲು ಜಾಸ್ತಿ, ಬಿಸಿಲೂ ಜಾಸ್ತಿ ಬೀಳುತ್ತದೆ. ಉಬ್ಬಿ ಗುಂಡಗಾಗದೆ ಹೀಗೆ ಚಪ್ಪಟೆ ಉಳಿಯಲು ಒಳಗೂ ಹೊರಗೂ ಒತ್ತಡ ಸಮ ಇರಬೇಕು. ಒಳಗೆ ಪೊಟ್ಯಾಸಿಯಂ ತುಂಬಿಕೊಂಡದ್ದರಿಂದ ಅದು ಸಿಕ್ಕಿದೆ. ಈ ಚೌಕ ಸ್ಯಾಲಿನಿಬ್ಯಾಕ್ಟರ್‌ನ ಎಂಜಲನ್ನು ಸಲೀಸಾಗಿ ತಿನ್ನಬಲ್ಲದು. ಬೇರೆಯವರು ಮುಟ್ಟದ ಫಾಸ್ಫೋನೇಟ್ ಎಂಬ ಗಟ್ಟಿ ರಂಜಕವನ್ನೂ ಒಳಗೆಳೆದುಕೊಳ್ಳುವ ಸಲಕರಣೆ ಇದರ ಜೀನ್‌ಗಳಲ್ಲಿದೆ.

ರಂಜಕ ಎಂದ ಕೂಡಲೇ ನಮ್ಮ ತೋಟದವರಿಗೆ ಕಿವಿ ನೆಟ್ಟಗಾಗುತ್ತದೆ. ಕೊಡಗಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದವರಿಗೆಲ್ಲ ಈ ಗೋಳು ಗೊತ್ತು. ಮಳೆ ಸುರಿದು ಸುರಿದು ನಮ್ಮ ಮಣ್ಣು ಹುಳಿ. ಹುಳಿ ಮಣ್ಣಲ್ಲಿ ಕಬ್ಬಿಣ, ಅಲ್ಯುಮಿನಿಯಂ ಜಾಸ್ತಿ ಎದ್ದು, ಹಾಕಿದ ರಂಜಕವನ್ನು ಹಿಡಿದು ಬೀಗ ಹಾಕುತ್ತವೆ. ಗೊಬ್ಬರ ಬುಡದಲ್ಲೇ ಇದೆ, ಕಾಫಿ ಗಿಡದ ಬಾಯಿಗೆ ಬರುವುದಿಲ್ಲ. ಅದಕ್ಕೆ ಸುಣ್ಣ ಹಾಕುತ್ತೇವೆ, ರಾಕ್ ಫಾಸ್ಫೇಟ್ ಹಾಕುತ್ತೇವೆ.

ಉಪ್ಪುಕೆರೆಯಲ್ಲಿ ಬೀಗ ಹಾಕುವವರು ಬೇರೆ. ಕ್ಯಾಲ್ಸಿಯಂ ತುಂಬಿದ ನೀರಲ್ಲಿ ರಂಜಕ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಮೃತ ಸಮುದ್ರದಲ್ಲಿ ಇದೇ ದೊಡ್ಡ ಅಡ್ಡಿ. ಅಲ್ಲಿ ಉಪ್ಪು ಸುಮಾರು ಶೇಕಡಾ 34, ಅದರಲ್ಲೂ ಮೆಗ್ನೀಸಿಯಂ ಜಾಸ್ತಿ, ಉಪ್ಪುಪ್ರಿಯರಿಗೂ ಸಹಿಸಲು ಕಷ್ಟ. ಎಷ್ಟೋ ವರ್ಷ ಅದು ತೆಪ್ಪಗಿರುತ್ತದೆ. ಆದರೆ 1980ರಲ್ಲಿ ಮತ್ತು 1992ರಲ್ಲಿ ಚಳಿಗಾಲದ ಮಳೆ ಚೆನ್ನಾಗಿ ಬಂದು, ಸಿಹಿನೀರು ಹರಿದು ಮೇಲಿನ ಪದರ ತೆಳುವಾಯಿತು. ಡ್ಯುನಾಲಿಯೆಲ್ಲಾ ಎದ್ದಿತು. ಅದರ ಗ್ಲಿಸರಾಲ್ ತಿಂದು ಆರ್ಕಿಯಾ ಎದ್ದವು. 1992ರಲ್ಲಿ ಒಂದು ಮಿಲಿಲೀಟರಿಗೆ ಸುಮಾರು ಮೂರು ಕೋಟಿ. ನೀರು ಕೆಂಪಾಯಿತು. ಹೂಮಳೆ ಬಿದ್ದು ಒಂಬತ್ತನೇ ದಿನಕ್ಕೆ ಕಾಫಿ ತೋಟ ಬೆಳ್ಳಗಾಗುವುದನ್ನು ಕಂಡ ನಮಗೆ ಇದು ವಿಚಿತ್ರ ಅನಿಸಬಾರದು. ಹೂಮಳೆ ಬರದೆ ಮೊಗ್ಗು ಒಡೆಯುವುದಿಲ್ಲ. ಅಲ್ಲಿಯ ಹೂಮಳೆಗೆ ಜೊತೆಗೆ ರಂಜಕವೂ ಬೇಕು. ಪ್ರಯೋಗದ ತೊಟ್ಟಿಗಳಲ್ಲಿ ನೋಡಿದಾಗಲೂ ನೀರು ತೆಳುವಾಗುವುದು, ರಂಜಕ ಸಿಗುವುದು, ಎರಡೂ ಕೂಡಿದರೇ ಪಾಚಿ ಎದ್ದದ್ದು.

ಮೃತ ಸಮುದ್ರದಲ್ಲಿ ಜೀವ ಇದೆ ಎಂದು 1936ರಲ್ಲಿ ಮೊದಲು ಬರೆದವರು ಬೆಂಜಮಿನ್ ಎಲಾಜಾರಿ ವೊಲ್ಕಾನಿ. ಅವರ ಹೆಸರಿಟ್ಟ ಒಂದು ಆರ್ಕಿಯಾ ಇದೆ, ಹ್ಯಾಲೋಫೆರಾಕ್ಸ್ ವೊಲ್ಕಾನಿಯೈ. ರಂಜಕದ ಬೀಗ ತೆಗೆಯಲು ಇದು ಕಂಡುಕೊಂಡ ದಾರಿ ಓದಿ ನಾನು ಒಂದು ನಿಮಿಷ ಪುಸ್ತಕ ಕೆಳಗಿಟ್ಟೆ. ಇದು ಡಿಎನ್‌ಎ ತಿನ್ನುತ್ತದೆ.

ಡಿಎನ್‌ಎ ಎಂದರೆ ನಮಗೆ ವಂಶದ ಗುಟ್ಟು, ಪೊಲೀಸ್ ಕೇಸು, ತಂದೆ ಯಾರು ಎಂಬ ಪರೀಕ್ಷೆ. ಹಸಿದವನ ಕಣ್ಣಿಗೆ ಅದು ಬೇರೆ ವಸ್ತು. ಅದರ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟ್. ತೂಕದಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ರಂಜಕ. ಜೊತೆಗೆ ಸಾರಜನಕವೂ ಇದೆ. ಗಟ್ಟಿ ಉಪ್ಪಲ್ಲಿ ಸತ್ತವರ ಡಿಎನ್‌ಎ ಬೇಗ ಹಾಳಾಗುವುದಿಲ್ಲ, ನೀರಲ್ಲಿ ತೇಲುತ್ತಿರುತ್ತದೆ. ಬೇರೆ ಯಾವ ರಂಜಕವನ್ನೂ ಕೊಡದೆ ಬರೀ ಡಿಎನ್‌ಎ ಕೊಟ್ಟರೂ ಈ ಜೀವಿ ಬೆಳೆಯುತ್ತದೆ ಎಂದು 2014ರಲ್ಲಿ ತೋರಿಸಿದ್ದಾರೆ.

ಅದೇ ವರ್ಷದ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ನಮ್ಮ ಜೀವಕೋಶದಲ್ಲಿ ಜೀನ್‌ಗಳ ಪೂರ್ತಿ ಕಟ್ಟು ಎರಡು ಪ್ರತಿ, ಒಂದು ಅಪ್ಪನದು, ಒಂದು ಅಮ್ಮನದು. ಹ್ಯಾಲೋಫೆರಾಕ್ಸ್ ಹೊಟ್ಟೆ ತುಂಬಿದಾಗ ಸುಮಾರು 30 ಪ್ರತಿ ಇಟ್ಟುಕೊಂಡಿರುತ್ತದೆ. ಇಷ್ಟು ಯಾಕಪ್ಪಾ? ರಂಜಕ ನಿಲ್ಲಿಸಿ ನೋಡಿದರು. ಜೀವಿ ಸಾಯಲಿಲ್ಲ, ಎರಡಾಗುತ್ತಲೇ ಹೋಯಿತು. ಪ್ರತಿಗಳು ಮಾತ್ರ 30ರಿಂದ 2ಕ್ಕೆ ಇಳಿದವು. ತನ್ನದೇ ಜಾತಕದ ಪ್ರತಿಗಳನ್ನು ಖರ್ಚು ಮಾಡಿಕೊಂಡು ಬರಗಾಲ ದಾಟಿತು. ನಮ್ಮ ಹಳೇ ಮನೆಗಳಲ್ಲಿ ಭತ್ತದ ಪತ್ತಾಯ ಇರುತ್ತಿತ್ತಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಪತ್ತಾಯದಲ್ಲಿ ಇಟ್ಟಿರುವುದು ಮನೆಯ ದಸ್ತಾವೇಜು.

ಸತ್ತವರು ಬೇಕು ಎಂದರೆ ಸಾಯಿಸುವವರೂ ಬೇಕು. ಸಾಮಾನ್ಯ ಕೆರೆಯಲ್ಲಿ ಸಣ್ಣ ಜೀವಿಯನ್ನು ತಿನ್ನುವ ದೊಡ್ಡ ಜೀವಿಗಳಿವೆ. ಉಪ್ಪು ಕಟ್ಟುವ ನೀರಲ್ಲಿ ಅಂಥವರು ಬಹಳ ಕಡಿಮೆ. ಅಲ್ಲಿ ಆ ಕೆಲಸ ವೈರಸ್‌ಗಳದು. ಜೀವಕೋಶಗಳಿಗಿಂತ ಹತ್ತು ಪಟ್ಟೋ ಅದಕ್ಕಿಂತ ಜಾಸ್ತಿಯೋ ಇರುತ್ತವೆ. ಒಂದನ್ನು ಒಡೆದರೆ ಅದರ ಒಳಗಿದ್ದದ್ದೆಲ್ಲ ಪಕ್ಕದವರಿಗೆ ಹಂಚಿಕೆಯಾಗುತ್ತದೆ.

ಸಾರಜನಕದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಆಗುವುದಕ್ಕಿಂತ ಆಗದಿರುವುದೇ ಮುಖ್ಯ. ತೋಟದ ಮಣ್ಣಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿವೆ. ಅದೊಂದು ಬಡ ಕಸುಬು, ತುಂಬಾ ದುಡಿದರೆ ಸ್ವಲ್ಪ ಶಕ್ತಿ ಸಿಗುತ್ತದೆ. ಉಪ್ಪು ಶೇಕಡಾ 15ರ ಮೇಲೆ ಹೋದರೆ ಈ ಕಸುಬಿನವರು ಕಾಣುವುದೇ ಇಲ್ಲ. ಜೆರುಸಲೇಮಿನ ಅಹರೋನ್ ಓರೆನ್ 1999ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಉಪ್ಪಿನಲ್ಲಿ ಬದುಕುವ ಬಾಡಿಗೆ ಇಷ್ಟು, ಈ ಕಸುಬಿನ ಸಂಪಾದನೆ ಇಷ್ಟು, ಬಾಡಿಗೆ ಕಟ್ಟಲಾಗದವನು ಮನೆ ಬಿಡಬೇಕು. ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಮೀಥೇನ್ ಮಾಡುವವರೂ ಹೀಗೇ ಹೊರಬೀಳುತ್ತಾರೆ. ಟ್ರೈಮೀಥೈಲಮೀನ್ ತಿಂದು ಮೀಥೇನ್ ಮಾಡುವವರು ಮಾತ್ರ ಉಳಿಯುತ್ತಾರೆ, ಅವರ ಸಂಪಾದನೆ ಸ್ವಲ್ಪ ಉತ್ತಮ. ಹಳೇ ಮೀನಿನ ವಾಸನೆ ಅಂತ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದು ಟ್ರೈಮೀಥೈಲಮೀನ್. ನನಗೆ ಈ ಇಡೀ ವಿಷಯದಲ್ಲಿ ಅತಿ ಉಪಯೋಗದ ಮಾತು ಓರೆನ್ ಲೆಕ್ಕವೇ. ಯಾರು ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಅವರು ಯಾರು ಎಷ್ಟು ಉಪ್ಪು ಸಹಿಸುತ್ತಾರೆ ಎಂಬಲ್ಲಿಂದ ತೆಗೆದು ಯಾರ ಸಂಪಾದನೆ ಎಷ್ಟು ಎಂಬಲ್ಲಿಗೆ ತಂದಿಟ್ಟರು.

ಒಂದು ಹರಳು ಕಲ್ಲುಪ್ಪು ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಮಬ್ಬು ಮಬ್ಬಾಗಿ ಬಿಳಿ ಪಟ್ಟಿ ಕಾಣುತ್ತದೆ. ಅವು ಹರಳು ಕಟ್ಟುವಾಗ ಸಿಕ್ಕಿಹಾಕಿಕೊಂಡ ಉಪ್ಪುನೀರಿನ ಹನಿಗಳು. ಆ ಹನಿಯೊಳಗೂ ಜೀವಿಗಳು ಸೇರಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಆಳದಿಂದ ತೆಗೆದ, 34,000 ವರ್ಷದಷ್ಟು ಹಳೆಯ ಉಪ್ಪಿನ ಹರಳುಗಳಿಂದ ಆರ್ಕಿಯಾ ಬೆಳೆಸಿದ್ದಾರೆ. ಅಷ್ಟು ವರ್ಷ ಊಟ? ಅದೇ ಹನಿಯಲ್ಲಿ ಡ್ಯುನಾಲಿಯೆಲ್ಲಾದ ಹೆಣವೂ ಇತ್ತು. ಅದರಿಂದ ಸೋರಿದ ಗ್ಲಿಸರಾಲ್ ಊಟವಾಗಿರಬೇಕು ಎಂಬುದು ಆ ಸಂಶೋಧಕರ ಊಹೆ. ಏಪ್ರಿಲ್‌ನಿಂದ ಜುಲೈವರೆಗೆ ಅಟ್ಟದ ಮೇಲೆ ಕಾದು ಕೂತದ್ದು ಇವಕ್ಕೆ ಯಾವ ದೊಡ್ಡ ವಿಷಯ? ಮೀನಿಗೆ ಹಾಕಿದ ಉಪ್ಪಿನಲ್ಲೇ ಬಂದಿದ್ದವು. ಮಳೆಗಾಲದ ತೇವಕ್ಕೆ ಉಪ್ಪು ಕರಗಿತು, ಕೆಳಗಿನ ಒಲೆಯ ಬಿಸಿ ಸಿಕ್ಕಿತು. ಇವು ಸೆಖೆಯ ಊರಿನವು, ಬೆಚ್ಚಗಿದ್ದರೇ ಬೆಳೆಯುವುದು. ಕೊಡಗಿನ ಚಳಿಯಲ್ಲಿ ಅವಕ್ಕೆ ನಾವೇ ಹಾಸಿಗೆ ಹಾಸಿ ಕೊಟ್ಟಿದ್ದೆವು.

ಇದೆಲ್ಲ ಈಗ ಯಾಕೆ? ಯಾಕೆಂದರೆ ಉಪ್ಪುಕೆರೆಗಳ ಖರ್ಚುವೆಚ್ಚದಲ್ಲಿ ನಾವು ಕೈಹಾಕುತ್ತಿದ್ದೇವೆ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ನಡುವೆ 1959ರಲ್ಲಿ ರೈಲಿಗಾಗಿ ಏರಿ ಹಾಕಿದರು. ನದಿಗಳು ಬರುವುದು ದಕ್ಷಿಣಕ್ಕೆ. ಉತ್ತರ ಭಾಗಕ್ಕೆ ಸಿಹಿನೀರು ತಪ್ಪಿ ಅದು ಗಟ್ಟಿಯಾಗಿ ಗುಲಾಬಿಯಾಯಿತು. ಮೇಲಿನಿಂದ ನೋಡಿದರೆ ಒಂದೇ ಕೆರೆಗೆ ಎರಡು ಬಣ್ಣ, ನಡುವೆ ಗೆರೆ ಎಳೆದ ಹಾಗೆ. ಹೊಲಗಳಿಗೆ, ಊರುಗಳಿಗೆ ನದಿನೀರು ತಿರುಗಿಸಿ 2022ರ ನವೆಂಬರ್‌ನಲ್ಲಿ ಕೆರೆ ದಾಖಲೆಯ ತಳ ಮುಟ್ಟಿತು. ದಕ್ಷಿಣ ಭಾಗದಲ್ಲೂ ಉಪ್ಪು ಏರಿತು. ಅಲ್ಲಿ ಪಾಚಿ ತಿಂದು ಬದುಕುವ ಆರ್ಟಿಮಿಯಾ ಎಂಬ ಸಣ್ಣ ಸಿಗಡಿ ಇದೆ. ಅದು ಪಾಚಿ ಮೇಯುತ್ತದೆ, ವಿಸರ್ಜಿಸಿದ ಅಮೋನಿಯಾ ಮತ್ತೆ ಪಾಚಿಗೆ ಗೊಬ್ಬರ. ದನ ಮತ್ತು ಹುಲ್ಲಿನ ಸಂಬಂಧ. ಉಪ್ಪು ಒಂದು ಮಟ್ಟ ದಾಟಿದರೆ ಸಿಗಡಿ ಬಾಡಿಗೆ ಕಟ್ಟಲಾರದು. ಅದು ಹೋದರೆ ಲಕ್ಷಾಂತರ ವಲಸೆ ಹಕ್ಕಿಗಳಿಗೂ ಊಟ ಇಲ್ಲ.

ಮೃತ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಕೆಂಪು ಸಮುದ್ರದ ನೀರು ತಂದು ತುಂಬಿಸುವ ಯೋಜನೆ ಬಂದಾಗ ಸೂಕ್ಷ್ಮಜೀವಿ ತಜ್ಞರು ಕೇಳಿದ್ದು ಒಂದೇ ಪ್ರಶ್ನೆ. ಮೇಲಿನ ಪದರ ತೆಳುವಾಗಿ, ಜೊತೆಗೆ ರಂಜಕ ಬಂದರೆ, ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಕೆಂಪು ಪ್ರತಿವರ್ಷ ಬಂದರೆ ಏನು ಮಾಡುತ್ತೀರಿ? ಆ ಯೋಜನೆಯನ್ನು ಈಗ ಕೈಬಿಟ್ಟಿದ್ದಾರೆ. ಪ್ರಶ್ನೆ ಕೈಬಿಡುವಂಥದ್ದಲ್ಲ.

ಉಪ್ಪು ಮಾಡುವವರಿಗೆ ಇದು ದಿನನಿತ್ಯದ ಮಾತು. ಕಡೇ ಗದ್ದೆಯಲ್ಲಿ ಕೆಂಪು ಆರ್ಕಿಯಾ ಇದ್ದರೆ ಒಳ್ಳೆಯದು. ಬಣ್ಣ ಬಿಸಿಲು ಹೀರಿ ನೀರು ಬೇಗ ಆರುತ್ತದೆ. ಆದರೆ ಒಳಗೆ ಬಿಡುವ ನೀರಲ್ಲಿ ಸಾರಜನಕ, ರಂಜಕ ಜಾಸ್ತಿಯಾದರೆ ಮೊದಲ ಗದ್ದೆಗಳಲ್ಲಿ ಲೋಳೆ ಬಿಡುವ ಪಾಚಿಗಳು ಕೊಬ್ಬುತ್ತವೆ. ನೀರು ಅಂಟಂಟಾಗುತ್ತದೆ, ಹರಳು ಸಣ್ಣದಾಗಿ, ಕೊಳೆಯಾಗಿ ಕಟ್ಟುತ್ತದೆ.

ಕೊಡಗಿನಲ್ಲಿ ಒಂದು ಚಮಚ ಉಪ್ಪುನೀರೂ ಹುಟ್ಟುವುದಿಲ್ಲ. ಇಲ್ಲಿ ಹುಟ್ಟಿದ್ದು ಮಾತ್ರ ಎರಡೂ ಕಡೆ ಉಪ್ಪಿಗೆ ಹೋಗುತ್ತದೆ. ಬರಪೊಳೆ, ಪಯಸ್ವಿನಿ ಘಟ್ಟ ಇಳಿದು ಕೇರಳದ ಕಡಲಿಗೆ. ಕಾವೇರಿ ಸುಮಾರು 800 ಕಿಲೋಮೀಟರ್ ನಡೆದು ಪೂಂಪುಹಾರ್‌ನಲ್ಲಿ ಬಂಗಾಳಕೊಲ್ಲಿಗೆ. ಅದರ ಮುಖಜ ಭೂಮಿಯ ದಕ್ಷಿಣ ತುದಿಯಲ್ಲಿ ವೇದಾರಣ್ಯಂ ಇದೆ. 1930ರಲ್ಲಿ ರಾಜಾಜಿ ಉಪ್ಪು ಎತ್ತಿದ ಊರು, ಈಗಲೂ ಅಲ್ಲಿ ಉಪ್ಪಿನ ಗದ್ದೆಗಳಿವೆ. ಗೊಬ್ಬರ ಹಾಕಿದ ಮರುದಿನವೇ ಮಳೆ ಸುರಿದು ನಮ್ಮ ತೋಟದಿಂದ ಕೊಚ್ಚಿಹೋದ ಯೂರಿಯಾ ಅಲ್ಲಿಯ ಗದ್ದೆಯಲ್ಲಿ ಪಾಚಿಯಾಯಿತು ಎಂದು ನೇರ ಗೆರೆ ಎಳೆಯುವವರನ್ನು ನಾನು ನಂಬುವುದಿಲ್ಲ. ನಡುವೆ ಕೆಆರ್‌ಎಸ್ ಇದೆ, ಮೆಟ್ಟೂರು ಇದೆ, ಸಾವಿರಾರು ಕಾಲುವೆ, ಅದಕ್ಕಿಂತ ಜಾಸ್ತಿ ಗೊಬ್ಬರ ತಿನ್ನುವ ಭತ್ತದ ಬಯಲು ಇದೆ. ಆದರೆ ಇಲ್ಲಿಂದ ಅಲ್ಲಿಯವರೆಗೆ ನದಿಗೆ ಬಿದ್ದ ಪ್ರತಿ ಹಿಡಿಯೂ ಒಂದೇ ಚೀಲಕ್ಕೆ ಬೀಳುತ್ತದೆ ಎಂಬುದೂ ಸುಳ್ಳಲ್ಲ.

ಬಂಗುಡೆ ಏನಾಯಿತು ಎಂದು ಕೇಳಬಹುದು. ಇಷ್ಟೆಲ್ಲ ನಾನು ದೊಡ್ಡಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವರು ಬುಟ್ಟಿ ಹಿಡಿದು ಹಿತ್ತಲಿಗೆ ಹೋಗಿದ್ದರು. ಹಂಚಿನಿಂದ ಸುರಿಯುತ್ತಿದ್ದ ಮಳೆನೀರಿಗೆ ಒಂದೊಂದೇ ಮೀನು ಹಿಡಿದು ತಿಕ್ಕಿದರು. ಗುಲಾಬಿ ಬಣ್ಣ ಒಂದು ಕ್ಷಣದಲ್ಲಿ ಹೋಯಿತು. ಸಿಹಿನೀರು ತಾಗಿದರೆ ಹ್ಯಾಲೋಬ್ಯಾಕ್ಟೀರಿಯಂ ಒಡೆದುಹೋಗುತ್ತದೆ. ಉಪ್ಪಿಲ್ಲದೆ ಅದರ ಹೊರಕವಚ ನಿಲ್ಲುವುದಿಲ್ಲ. 34,000 ವರ್ಷ ಕಾಯಬಲ್ಲ ಕುಲ ಕೊಡಗಿನ ಮಳೆಯಲ್ಲಿ ಒಂದು ನಿಮಿಷ ನಿಲ್ಲಲಿಲ್ಲ.

"ಹೋಯ್ತಲ್ವಾ ಬಣ್ಣ? ನಾನು ಹೇಳಲಿಲ್ವಾ, ಹಾಕಿದ್ದೇ ಅಂತ" ಎಂದರು ದೊಡ್ಡಮ್ಮ. ಮೂಸಿ ನೋಡಿ ಮುಖ ಸಿಂಡರಿಸಿ, ಅಷ್ಟನ್ನೂ ತೆಂಗಿನ ಬುಡಕ್ಕೆ ಹಾಕಿ ಮಣ್ಣೆಳೆದರು.